‘ನೆನಪಿಲ್ರೀ’ ಎಂದು ಪಾಸಾದವರು

ಪುಸ್ತಕ ಓದಿ, ಓದಿದ್ದನ್ನು ನೆನಪಿಟ್ಟು, ಪರೀಕ್ಷೆ ಬರೆದು ಸರ್ಕಾರಿ ನೌಕರಿ ಹಿಡಿದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ‘ನೆನಪಿಲ್ರೀ’ ಎಂದು ಹೇಳಿ ನೌಕರಿ ಹಿಡಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ಕೈಯಲ್ಲೇ ಬೆಳೆದಿದ್ದೇನೆ. ಅವರಿಂದಲೇ ಅರ್ಧ ಆಯುಷ್ಯ ದಣಿದಿದ್ದೇನೆ. ಅವರು ನಮ್ಮ ಮಾಮಾ, ನನ್ನ ಹಡೆದವ್ವನ ಬೆನ್ನಿಗೆ ಬಿದ್ದ ತಮ್ಮ.

ಹೆಸರು ಹೇಳುವುದಿಲ್ಲ. ಹೇಳಿದರೆ, “ಅವರು ಕೇಳಿದ್ರೇನು? ಕೇಳದ ಯಾಕ ಹೇಳಿದಿ?” ಎನ್ನುವ ಮನುಷ್ಯ ಅವರು.

ಮಾಮಾ ಜಮಖಂಡಿಯ ಕಚೇರಿಯಲ್ಲಿ ದಪ್ತರಖಾನೆ ಕಾಯುತ್ತಿದ್ದರು. ದಪ್ತರ ಎಂದರೆ ಊರೂರಿನ ಹೊಲ-ಮನೆಗಳ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಹುರಿ ಹಾಕಿ ಬಿಗಿದ ಗಂಟು. ಅಂಥ ಗಂಟುಗಳನ್ನು ನೆಲದಿಂದ ತೊಲೆಯವರೆಗೆ ಪೇರಿಸಿಟ್ಟ ಅರೆಗತ್ತಲೆಯ ಕೋಣೆಯೇ ದಪ್ತರಖಾನೆ. ಅಲ್ಲಿ ಮಾಮಾ ಏನು ನೋಡಿದರು, ಏನು ಓದಿದರು, ಯಾರ ಮನೆಯ ಯಾವ ಗುಟ್ಟು ಅವರಿಗೆ ಗೊತ್ತು? ಕೇಳಿ ನೋಡಿ. ಉತ್ತರ ಒಂದೇ: “ನೆನಪಿಲ್ಲ.”

ಹೊರಗಿನವರಿಗೆ ಹಾಗೆ ಅಂದರೆ ಅದು ನೌಕರಿ ಎನ್ನೋಣ. ನನಗೂ ಹಾಗೇ ಅಂದರು! ಅವರ ಬಳಿ ನನ್ನದೊಂದು ಅರ್ಜಿ ಇತ್ತು. ಬುದ್ಧಿ ಬಂದಾಗಿನಿಂದ ತಲೆ ನರೆಯುವವರೆಗೆ ಬಾಕಿ ಬಿದ್ದ ಅರ್ಜಿ. ಅದು ಇಷ್ಟೇ. ನನ್ನ ಅವ್ವ ತೀರಿಕೊಂಡಾಗ ನಾನು ಅವಳ ಮುಖ ನೆನಪಿಡುವಷ್ಟೂ ದೊಡ್ಡವಳಿರಲಿಲ್ಲ. ನಮ್ಮದು ರಬಕವಿ, ಅಪ್ಪನದು ಮಗ್ಗ. ಅವ್ವನಿಗೆ ಮೈಯಲ್ಲಿ ಆರಾಮಿಲ್ಲದೆ ದವಾಖಾನೆಗೆ ಹತ್ತಿರವಾಗಲೆಂದು ತವರುಮನೆ ಜಮಖಂಡಿಗೆ ತಂದಿಟ್ಟಿದ್ದರು. ಕಡೆಯ ಗಳಿಗೆಯಲ್ಲಿ ಅವಳ ಹತ್ತಿರ ಇದ್ದವರು ಮಾಮಾ ಒಬ್ಬರೇ. ನಮ್ಮ ಆಯಿ, ಅಂದರೆ ಅವ್ವನ ತಾಯಿ, ಬಿಸಿನೀರು ತರಲು ಒಳಗೆ ಹೋಗಿದ್ದಳಂತೆ.

“ನಾ ತಂಬಿಗಿ ಹಿಡಕೊಂಡು ಬರೂದ್ರಾಗ ಆಕಿ ಅವನ ಕಿವ್ಯಾಗ ಏನೋ ಅಂದ್ಲವ್ವ. ನಾ ಬಾಗಲಕ್ಕ ಬಂದೆ, ಮುಗದಿತ್ತು. ಏನಂದ್ಲು ಅಂತ ಅವನ್ನ ಕೇಳು,” ಎಂದು ಆಯಿ ಹೇಳುತ್ತಿದ್ದಳು.

ನಾನು ಕೇಳಿದೆ. “ಅವ್ವ ಏನಂದ್ಲೋ ಮಾಮಾ?”

“ನೆನಪಿಲ್ಲ.”

ತಾಯಿಯ ಕಡೆಯ ಮಾತು! ಅದನ್ನೂ ಒಬ್ಬ ಮನುಷ್ಯ ಮರೆಯುತ್ತಾನೆಯೇ? ಮರೆತರೆ ಅವನೆಂಥ ತಮ್ಮ? ಮರೆಯದೆ ಹಾಗೆಂದರೆ ಅವನೆಂಥ ಮಾಮಾ? ಈ ಎರಡು ಪ್ರಶ್ನೆಗಳ ನಡುವೆ ನಾನು ಜೋಕಾಲಿ ಆಡಿದ್ದೇ ಆಡಿದ್ದು.

ಇರಲಿ. ಅವರು ಹೀಗಾಗಲು ಕಾರಣವಾದ ಪರೀಕ್ಷೆಯ ಕಥೆಯನ್ನು ಮೊದಲು ಹೇಳುತ್ತೇನೆ.

ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದು, ಅದೂ ಹೋಗಿ ಮೈಸೂರು ಸರ್ಕಾರ ಬಂದ ಹೊಸತು. ಸರ್ಕಾರಗಳು ಬಂದವು, ಹೋದವು. ದಪ್ತರದ ಗಂಟುಗಳು ಮಾತ್ರ ಇದ್ದಲ್ಲೇ ಇದ್ದವು. ಅವುಗಳ ಜೊತೆ ಸಂಸ್ಥಾನ ಕಾಲದ ಮುದುಕ ದಪ್ತರದಾರರೊಬ್ಬರೂ ಇದ್ದಲ್ಲೇ ಇದ್ದರು. ಹಳೆಯ ಕಾಗದವೆಲ್ಲ ಮೋಡಿ ಲಿಪಿಯದು. ಕೈ ಎತ್ತದೆ ಓಡಿಸಿ ಬರೆದ ಆ ಮರಾಠಿಯನ್ನು ನೋಡಿದರೆ ಹೊರಸಿನ ಮೇಲೆ ಒಣಗಲು ಹರವಿದ ಶಾವಿಗೆ ನೋಡಿದಂತೆ: ಎಲ್ಲಿ ಶುರು, ಎಲ್ಲಿ ಕೊನೆ, ದೇವರೇ ಬಲ್ಲ. ಅದನ್ನು ಓದಬಲ್ಲ, ಕನ್ನಡವನ್ನೂ ಬರೆಯಬಲ್ಲ ಒಬ್ಬ ತರುಣ ಬೇಕಾಗಿದ್ದ. ಕಚೇರಿಯ ಸಾಹೇಬರು ಬರವಣಿಗೆಯ ಪರೀಕ್ಷೆ ಮಾಡಿದರು. ಅದರಲ್ಲಿ ನಾಲ್ಕೈದು ಜನ ಉಳಿದರು. “ಇವರಾಗ ನಿಮಗ ಯಾರು ಬೇಕು, ನೀವ ನೋಡಿಕೋರಿ,” ಎಂದು ಮುದುಕರಿಗೆ ಬಿಟ್ಟರು.

ಮುದುಕರು ಹುಡುಗರನ್ನು ದಪ್ತರಖಾನೆಯೊಳಗೆ ಸಾಲಾಗಿ ನಿಲ್ಲಿಸಿದರು. ಯಾವ ರಾಜನ ಕಾಲದಲ್ಲಿ ಕಟ್ಟಿದ್ದೋ, ಒಂದು ಗಂಟು ತೆಗೆದು ಅವರ ಮೂಗಿನ ಕೆಳಗೇ ಬಿಚ್ಚಿ ಝಾಡಿಸಿದರು. ಧೂಳಿನ ಮೋಡವೇ ಎದ್ದಿತು. ಎಲ್ಲರಿಗೂ ಸೀನು! ಉಳಿದವರು ಇದ್ದಲ್ಲೇ ಕಾಗದದ ಮೇಲೆ ಸೀನಿದರು. ನಮ್ಮ ಮಾಮಾ ಕಾಗದಕ್ಕೆ ತಾಗಬಾರದೆಂದು ಮುಖ ತಿರುಗಿಸಿದರು. ತಿರುಗಿಸಿದ ಕಡೆ ದಪ್ತರದಾರರೇ ನಿಂತಿದ್ದರು. ಇಸ್ತ್ರಿ ಮಾಡಿದ ಕೋಟು, ಹೆಗಲ ಮೇಲೆ ಜರಿಯಂಚಿನ ಉಪರಣಿ. ಅದರ ಮೇಲೇ ಆಯಿತು!

ಮುದುಕರು ಉಪರಣಿ ಒರೆಸಿಕೊಳ್ಳುತ್ತ, “ಇಂವ ಛಲೋ ಅದಾನ. ದೊರಿ ಮ್ಯಾಲ ಸೀನಿದ್ರೂ ಚಿಂತಿಲ್ಲ, ಕಾಗದದ ಮ್ಯಾಲ ಸೀನಬಾರದು,” ಎಂದರಂತೆ.

ಎರಡನೆಯದು ಗಂಟಿನ ಪರೀಕ್ಷೆ. ಒಬ್ಬೊಬ್ಬರಿಗೂ ಬಿಡಿ ಕಾಗದದ ರಾಶಿ, ಒಂದು ಚೌಕ ಬಟ್ಟೆ, ಒಂದು ಹುರಿ. ಕಟ್ಟಿ ತಂದ ಗಂಟನ್ನು ಮುದುಕರು ಕಚೇರಿಯ ಮೆಟ್ಟಿಲ ಮೇಲಿಂದ ಉರುಳಿಸಿಬಿಡುತ್ತಿದ್ದರು. ಒಬ್ಬನದು ನಡುಮೆಟ್ಟಿಲಿಗೇ ಬಾಯಿ ತೆರೆಯಿತು. ಇನ್ನೊಬ್ಬನ ಕಾಗದ ಗಾಳಿಗೆ ಹಾರಿ, ಎದುರಿಗೆ ಕಟ್ಟಿದ ಟಾಂಗಾದ ಕುದುರೆ ಒಂದು ಹಾಳೆ ತಿಂದಿತು ಎಂದೂ ಹೇಳುತ್ತಾರೆ. ಕುದುರೆಯ ಮಾತು ನಾನು ನಂಬುವುದಿಲ್ಲ. ಮಾಮಾನ ಗಂಟು ಮಾತ್ರ ಹಲಸಿನ ಹಣ್ಣಿನಂತೆ ಧಪ್ ಧಪ್ ಎಂದು ಉರುಳಿ ನೆಲಕ್ಕೆ ಬಂದು ಗಟ್ಟಿಯಾಗಿ ಕೂತಿತು. ಬಿಚ್ಚಲು ಹೋದರೆ ಮುದುಕರಿಗೇ ಬಿಚ್ಚಲಾಗಲಿಲ್ಲ!

ಮೂರನೆಯ ಪರೀಕ್ಷೆ ನಡೆಯಿತೆಂದು ಹುಡುಗರಿಗೆ ಗೊತ್ತೇ ಆಗಲಿಲ್ಲ. ಮುದುಕರು ಒಬ್ಬೊಬ್ಬರಿಂದಲೂ ಒಂದು ಹಳೆಯ ಕಾಗದ ಓದಿಸಿದರು. ಇಬ್ಬರು ಅಣ್ಣತಮ್ಮಂದಿರ ಬಾಂದಿನ, ಅಂದರೆ ಹೊಲದ ಗಡಿಯ, ಜಗಳದ ಕಾಗದ. “ಆತು, ಹೋಗ್ರಿ, ಹೇಳಿ ಕಳಸ್ತೀವಿ,” ಎಂದರು. ಹುಡುಗರು ಹೊರಗೆ ಬಂದರೆ ಚಹಾದ ಅಂಗಡಿಯಲ್ಲಿ ಒಬ್ಬ ನಗುಮೊಗದ ಗೃಹಸ್ಥ ಕೂತಿದ್ದ. ಒಬ್ಬೊಬ್ಬರನ್ನೂ ಕರೆದು ಚಹಾ ಕುಡಿಸಿ ಮಿರ್ಚಿ ಭಜಿ ತಿನ್ನಿಸಿ, “ಪರೀಕ್ಷೆದಾಗ ಏನ್ ಓದಸಿದ್ರಪಾ ನಮ್ಮ ಮುದುಕ?” ಎಂದು ಕೇಳಿದ. ಎಲ್ಲರೂ ಸಡಗರದಿಂದ ಹೇಳಿದರು. ತಾವು ಎಷ್ಟು ಸರಾಗ ಓದಿದೆವು ಎಂದು ತೋರಿಸಲು ಅಣ್ಣ ಏನಂದ, ತಮ್ಮ ಏನಂದ, ಎಲ್ಲ ಬಿಡಿಸಿ ಹೇಳಿದರು.

ಮಾಮಾ ಮಿರ್ಚಿ ತಿಂದರು. ಇನ್ನೊಂದು ಕೊಟ್ಟ, ಅದನ್ನೂ ತಿಂದರು. ಚಹಾ ಕುಡಿದು ಬಾಯಿ ಒರೆಸಿಕೊಂಡು, “ನೆನಪಿಲ್ರೀ,” ಎಂದರು.

“ಈಗ ಓದಿ ಬಂದೀಯಲ್ಲೋ ಮಾರಾಯಾ!”

“ಹೌದ್ರಿ. ಮಿರ್ಚಿ ಭಾಳ ಖಾರ ಇತ್ರಿ. ಮರತ ಹೋತು.”

ಆ ಗೃಹಸ್ಥ ದಪ್ತರದಾರರ ಭಾವಮೈದುನ! ಮರುದಿನವೇ ಮಾಮಾನಿಗೆ ನೌಕರಿಯ ಹುಕುಮು ಬಂತು. ಕೆಲಸ ಒಪ್ಪಿಸುವಾಗ ಮುದುಕರು ಒಂದೇ ಮಾತು ಹೇಳಿದರಂತೆ: “ತಮ್ಮಾ, ಕಾಗದ ಕೇಳಿದವರಿಗೆ ಕಾಯ್ದೆ ನೋಡಿ ಕೊಡು. ಮಾತು ಮಾತ್ರ ಯಾರು ಕೇಳಿದ್ರೂ ಕೊಡಬ್ಯಾಡ. ಒಬ್ರು ನಂಬಿ ನಿನ್ನ ಮುಂದ ಇಟ್ಟದ್ದು ಅವರದು, ನಿನ್ನದಲ್ಲ.”

ಈ ಕಥೆಯನ್ನು ನನಗೆ ಯಾರು ಹೇಳಿದರು ಎಂದು ಕೇಳುತ್ತೀರೇನು? ಮಾಮಾ ಅಂತೂ ಅಲ್ಲ. ಮಿರ್ಚಿ ತಿನ್ನಿಸಿ ಸೋತ ಆ ಭಾವಮೈದುನರೇ ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಕೂತು ಹೇಳಿದರು. ಪಕ್ಕದಲ್ಲೇ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಮಾಮಾನನ್ನು, “ಹೌದಿಲ್ಲೋ?” ಎಂದು ಕೇಳಿದರೆ, ಮಾಮಾ ತುಪ್ಪದ ಗಿಂಡಿ ಹಿಡಿದು ಮುಂದಿನ ಎಲೆಗೆ ಹೋದರು.

ನೌಕರಿಗೆ ಸೇರಿದ ಮೇಲೆ ಇಲಾಖೆಯ ಪರೀಕ್ಷೆ ಬೇರೆ ಪಾಸಾಗಬೇಕಿತ್ತು. ಅದು ವಿಜಾಪುರದಲ್ಲಿ. ಮೊದಲ ಸಲ ಮಾಮಾ ನಪಾಸಾದರು. ದಪ್ತರ ಕಾಯುವ ನಿಯಮಗಳೇನು ಎಂಬ ಪ್ರಶ್ನೆಗೆ ‘ನೆನಪಿಲ್ಲ’ ಎಂದು ಬರೆದು ಬಂದಿದ್ದರಂತೆ! ಆಯಿ ತಲೆ ಚಚ್ಚಿಕೊಂಡಳು.

“ಅಲ್ಲೋ, ದಿನಾ ಮಾಡೂ ಕೆಲಸ ನಿನಗ ಗೊತ್ತಿಲ್ಲೇನೋ?”

“ಗೊತ್ತೈತಿ. ಆದ್ರ ಪ್ರಶ್ನಿ ಕೇಳಿದವರು ಯಾರು ಅಂತ ಕಾಗದದಾಗ ಎಲ್ಲೂ ಬರದಿರಲಿಲ್ಲ. ಯಾರಿಗಿ ಅಂತ ಹೇಳ್ಲಿ?”

ಎರಡನೆಯ ಸಲ ಸಾಹೇಬರೇ ಕರೆದು, ಕೇಳುವವರು ಸರ್ಕಾರದವರೇ, ಹೇಳಬಹುದು ಎಂದು ಧೈರ್ಯ ತುಂಬಿ ಕಳಿಸಿದ ಮೇಲೆ ಪಾಸಾದರು.

ಇದೇ ಹೊತ್ತಿಗೆ ಅವ್ವ ತೀರಿಕೊಂಡಿದ್ದು. ಅಪ್ಪ ಮಗ್ಗ ಬಿಟ್ಟು ಬರಲಾರರು, ಮಗ್ಗದ ಸದ್ದಿನಲ್ಲಿ ಕೂಸು ಸಾಕಲಾರರು. ಸಂತೆಗೊಮ್ಮೆ ಬಂದು, ನನ್ನ ಅಂಗೈಯಲ್ಲಿ ಪೆಪ್ಪರಮಿಂಟು ಇಟ್ಟು, ನನ್ನ ಮುಖ ನೋಡಿ, ಬಸ್ಸು ಹತ್ತುತ್ತಿದ್ದರು. ಹೀಗಾಗಿ ನಾನು ಜಮಖಂಡಿಯಲ್ಲೇ ಉಳಿದೆ. ಆಯಿಗೆ ಕೈ ನಡುಗುತ್ತಿತ್ತು. ರೊಟ್ಟಿ ಹೇಗೋ ಬಡಿಯುತ್ತಿದ್ದಳು, ನನ್ನ ತಲೆ ಬಾಚಲು ಆಗುತ್ತಿರಲಿಲ್ಲ. ಆ ಕೆಲಸ ಮಾಮಾನ ಪಾಲಿಗೆ ಬಂತು.

ಈಗ ಹೇಳಿ, ಕಚೇರಿಯ ಮೆಟ್ಟಿಲಿಂದ ಉರುಳಿಸಿದರೂ ಬಿಚ್ಚದ ಗಂಟು ಹಾಕುವ ಕೈ! ಆ ಕೈ ಹಾಕಿದ ಹೆರಳು ಹೇಗಿರಬೇಕು? ಸಂಜೆಯವರೆಗೆ ಅಲುಗದೆ ಕೂಡಬೇಕಲ್ಲವೇ? ಮಾಮಾ ಹಾಕಿದ ಹೆರಳು ಓಣಿ ದಾಟುವುದರೊಳಗೆ ಸಡಿಲಾಗುತ್ತಿತ್ತು. ಹಣಮಪ್ಪನ ಗುಡಿಯ ಮುಂದಿನ ಬೇವಿನ ಮರದ ಹತ್ತಿರ ಬರುವಷ್ಟರಲ್ಲಿ ರಿಬ್ಬನ್ನು ಜಾರಿ ಬೆನ್ನ ಮೇಲೆ. ಸಾಲಿ ಮುಟ್ಟುವ ಹೊತ್ತಿಗೆ ನಾನು ಜೋಗತಿ! ಅಕ್ಕೋರು ಬಯ್ಯುತ್ತಿದ್ದರು. ಹುಡುಗಿಯರು, “ದಪ್ತರ ಬಿಚ್ಚೇತಿ, ದಪ್ತರ ಬಿಚ್ಚೇತಿ!” ಎಂದು ಕುಣಿಯುತ್ತಿದ್ದರು.

“ಬಿಗಿ ಹಾಕೋ ಮಾಮಾ! ಬಿಚ್ಚತೈತಿ!” ಎಂದು ದಿನಾ ಮುಂಜಾನೆ ಅಳುತ್ತಿದ್ದೆ.

“ಹೂಂ, ಹಾಕ್ತೀನಿ,” ಎನ್ನುತ್ತಿದ್ದರು. ಮತ್ತೆ ಅದೇ ಸಡಿಲು. ಬೆರಳುಗಳು ಕೂದಲನ್ನು ಮುಟ್ಟಿಯೂ ಮುಟ್ಟದಂತೆ ಆಡುತ್ತಿದ್ದವು, ಕೂದಲಿಗೆ ಬಾಯಿ ಇದೆ, ಚೀರುತ್ತದೆ ಎಂಬಂತೆ. ಸರ್ಕಾರಿ ಕಾಗದಕ್ಕೆ ಅಷ್ಟು ಬಿಗಿ, ಸೋದರಸೊಸೆಯ ತಲೆಗೆ ಇಷ್ಟು ಸಡಿಲು! ಪರರ ಹೊಲದ ಕಾಗದದ ಮೇಲೆ ಇದ್ದ ಕಾಳಜಿ ನನ್ನ ಮೇಲೆ ಇಲ್ಲ ಎಂದು ನಾನು ಅಂದೇ ತೀರ್ಮಾನ ಮಾಡಿಬಿಟ್ಟೆ.

ಆಮೇಲೆ ಮಾಮಾನ ಮದುವೆ. ಹೆಣ್ಣು ಬನಹಟ್ಟಿಯದು. ಹೆಣ್ಣಿನ ತಂದೆ ವರನನ್ನು ಕೂಡಿಸಿಕೊಂಡು, “ಬೀಡಿ, ತಂಬಾಕ, ಏನರೆ ಚಟ ಅದಾವೇನ್ರಿ?” ಎಂದು ಕೇಳಿದರು.

ಬಾಯಿಗೆ ರೂಢಿ ಬಿದ್ದಿತ್ತಲ್ಲ! “ನೆನಪಿಲ್ರೀ,” ಅಂದುಬಿಟ್ಟರು.

ಚಟ ನೆನಪಿಲ್ಲದಷ್ಟು ಚಟವೇ ಎಂದು ಬೀಗರು ಮುಖ ಮುಖ ನೋಡಿದರು. ಆಯಿ ನಡುಗುವ ಕೈ ಮುಗಿದು ಎಲ್ಲ ಬಿಡಿಸಿ ಹೇಳಿದ ಮೇಲೆ ಕಾರ್ಯ ಕೂಡಿತು. ತಾಳಿಯ ಗಂಟನ್ನೂ ಮಾಮಾ ದಪ್ತರದ ಗಂಟೇ ಹಾಕಿದರು. ಮುಂದೆ ತಾಳಿಯ ದಾರ ಬದಲಿಸಬೇಕಾದಾಗ ಅಕ್ಕಸಾಲಿ ಪತ್ತಾರ ಬಿಚ್ಚಲಾಗದೆ ಕತ್ತರಿ ಹಾಕಿದ. “ಇದು ಏಳು ಜನ್ಮದ್ದಲ್ಲವ್ವಾ, ಕಾಯಂ ಖಾತೆದ್ದು,” ಎಂದು ಅತ್ತಿ, ಅಂದರೆ ಮಾಮಾನ ಹೆಂಡತಿ, ಇಂದಿಗೂ ನಗುತ್ತಾಳೆ.

ಅತ್ತಿ ಬಂದ ಮರುದಿನವೇ ನನ್ನ ತಲೆ ತನ್ನ ಕೈಗೆ ತೆಗೆದುಕೊಂಡಳು. ಎಣ್ಣೆ ಇಟ್ಟು, ಸಿಕ್ಕು ಬಿಡಿಸಿ, ಜಗ್ಗಿ ಹೆರಳು ಹಾಕಿದಳು. “ಅಯ್ಯಾ!” ಎಂದೆ ನಾನು. ಪಡಸಾಲೆಯಿಂದ ಮಾಮಾ, “ಏ, ಸಾವಕಾಶ!” ಎಂದು ಕೂಗಿದರು.

“ಅಯ್ಯ, ನಿಮ್ಮ ದಪ್ತರ ಅಲ್ರೀ ಇದು, ಪೋರಿ ತಲಿ. ನನಗ ತಿಳಿತೈತಿ ಸುಮ್ಮಕುಂದರ್ರಿ,” ಎಂದಳು ಅತ್ತಿ. ಅಂದಿನಿಂದ ನನ್ನ ಹೆರಳು ಬಿಚ್ಚಲಿಲ್ಲ. ನನಗೆ ಅತ್ತಿ ದೇವರಾದಳು.

ಆದರೆ ದೇವರಿಗೂ ಸಾಕಾಗಿ ಹೋಗುವ ಸಂಸಾರ ಅದು. ಒಂದು ದಿನ ಅತ್ತಿ ಕಿರಾಣಿ ತರಲು ಹೋಗಿ ಬಂದಳು. ಪಡಸಾಲೆಯಲ್ಲಿ ಎರಡು ನೀರಿನ ಲೋಟ.

“ಯಾರ ಬಂದಿದ್ರೀ?”

“ಯಾರೋ ಬಂದಿದ್ರು.”

“ಯಾರೋ ಅಂದ್ರ?”

“ನೆನಪಿಲ್ಲ.”

“ಏನಂದ್ರು?”

“ನನ್ನ ಮುಂದ ಅಂದಾರ. ನಿನ್ನ ಮುಂದ ಅನ್ನೂದಿದ್ರ ನಿನ್ನ ಹತ್ರ ಬರತಿದ್ರು.”

ಬಂದವನು ಅತ್ತಿಯ ಸ್ವಂತ ಅಣ್ಣ! ತಂಗಿಗೆ ಹಬ್ಬಕ್ಕೆಂದು ಬನಹಟ್ಟಿಯಿಂದ ಸೀರೆ ಹಿಡಿದು ಬಂದವನು, ತಂಗಿ ಕಾಣದೆ ಬಹಳ ಹೊತ್ತು ಕಾದು, ಸೀರೆಯೊಂದಿಗೇ ಬಸ್ಸು ಹತ್ತಿದ್ದ. ಅತ್ತಿ ಮೂರು ದಿನ ಮಾಮಾನ ಜೊತೆ ಮಾತಾಡಲಿಲ್ಲ. ಮಾಮಾನಿಗೆ ಅದು ತಿಳಿಯಿತೋ ಇಲ್ಲವೋ ಅದೂ ತಿಳಿಯಲಿಲ್ಲ.

ಇನ್ನು ಗಂಟಿನ ಕಾಟ. ಉಪ್ಪಿನಕಾಯಿ ಭರಣಿ, ಜೋಳದ ಚೀಲ, ಹಾಸಿಗೆಯ ಸುರುಳಿ, ಎಲ್ಲಕ್ಕೂ ಮಾಮಾನ ಗಂಟು. ಮನೆಯಲ್ಲಿ ಹಸಿವಾದವರಿಗಿಂತ ಮೊದಲು ಈಳಿಗೆ ಏಳಬೇಕು. ಚಿಕ್ಕಪಡಸಲಗಿಯಲ್ಲಿ ರೈತರೇ ಕೂಡಿ ಕೃಷ್ಣೆಗೆ ಅಡ್ಡಲಾಗಿ ಬಂಧಾರ ಕಟ್ಟಿದರಲ್ಲ, ಆಗ ಓಣಿಯ ಹೆಂಗಸರೆಲ್ಲ ನೋಡಲು ಹೊರಟೆವು. ನಾನೂ ಮುಧೋಳದಿಂದ ಬಂದಿದ್ದೆ. ಅಷ್ಟರಲ್ಲಿ ನನ್ನ ಮದುವೆಯಾಗಿ, ನಮ್ಮ ಮನೆಯವರು ಮುಧೋಳದಲ್ಲಿ ಮಾಸ್ತರರಾಗಿದ್ದರು. ಅತ್ತಿ ಸಜ್ಜೆ ರೊಟ್ಟಿ, ಜುಣಕ, ಶೇಂಗಾ ಹಿಂಡಿ, ಎಲ್ಲ ಬುತ್ತಿ ಮಾಡಿದಳು. ನಮ್ಮ ದುರ್ದೈವಕ್ಕೆ ಬುತ್ತಿ ಕಟ್ಟಿಕೊಟ್ಟವರು ಮಾಮಾ.

ಹೊಳೆ ನೋಡಿದೆವು, ನೀರು ನಿಂತದ್ದು ನೋಡಿ ಕಣ್ಣು ತಂಪಾಯಿತು, ಹಸಿವಾಯಿತು. ಬುತ್ತಿ ಬಿಚ್ಚಲು ಕೂತೆವು. ಉಗುರು ಹೋಯಿತು, ಹಲ್ಲು ನೊಂದಿತು, ಗಂಟು ಜಗ್ಗಲಿಲ್ಲ. ಬಂಧಾರಕ್ಕೆ ಕಲ್ಲು ಹೊತ್ತ ಗಟ್ಟಿ ರೈತರಿಬ್ಬರು ಅಲ್ಲೇ ಇದ್ದರು, ಕರೆದೆವು. ಹೊಳೆ ಕಟ್ಟಿದವರಿಗೂ ಆ ಗಂಟು ಬಿಚ್ಚಲಾಗಲಿಲ್ಲ! “ಕುಡಗೋಲ ಹಾಕ್ಲೇನ್ರಿ ಅಕ್ಕಾರ?” ಎಂದ ಒಬ್ಬ. ಕಟ್ಟಿದ್ದು ನಮ್ಮಪ್ಪ ನೇಯ್ದ ಸೀರೆಯಲ್ಲಿ, ಅತ್ತಿ ಒಪ್ಪಲಿಲ್ಲ. ಉಪವಾಸ ಮನೆಗೆ ಬಂದು ಗಂಟನ್ನು ಮಾಮಾನ ಮುಂದೆ ಒಗೆದೆವು.

ಮಾಮಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: “ಹಿಂಡಿ ಚೆಲ್ಲಲಿಲ್ಲಲ್ಲ?”

ನನ್ನ ಅರ್ಜಿ ಈ ನಡುವೆ ಬಾಕಿಯೇ ಇತ್ತು. ಮದುವೆಯಾಗಿ ಹೊರಡುವ ದಿನ ಅರಿಷಿಣದ ಸೀರೆಯಲ್ಲೇ ಅವರನ್ನು ಹಿತ್ತಲಲ್ಲಿ ತಡೆದು ನಿಂತು, “ಇವತ್ತರೆ ಹೇಳೋ ಮಾಮಾ. ಅವ್ವ ಏನಂದ್ಲು?” ಎಂದು ಕೇಳಿದ್ದೆ. ಅವರು ನನ್ನ ಮುಖ ನೋಡಿದರು. ತಲೆ ನೋಡಿದರು. ಮದುವಣಗಿತ್ತಿಯ ಬಿಗಿಯಾದ ಹೆರಳು, ಮೇಲೆ ಕೆ.ಜಿ.ಗಟ್ಟಲೆ ಹೂವು. ಬಾಯಿ ತೆರೆದರು. ಆಮೇಲೆ ಆ ಕಡೆ ತಿರುಗಿ ಸೀನಿದರು. “ನೆನಪಿಲ್ಲವಾ. ನಡಿ, ಬಸ್ಸಿಗೆ ಹೊತ್ತಾತು,” ಎಂದರು. ನನ್ನ ಮಗಳು ಹುಟ್ಟಿದಾಗ ಕೇಳಿದೆ. ಅಪ್ಪ ಹೋದಾಗ ಕೇಳಿದೆ. ಆಮೇಲೆ ಕೇಳುವುದೇ ಬಿಟ್ಟೆ. ಮನುಷ್ಯ ಎಷ್ಟೆಂದು ಕೇಳಿಕೊಂಡಾನು? ರೊಟ್ಟಿ, ಬಟ್ಟೆ, ನೀರು, ಮಕ್ಕಳ ಜ್ವರ, ಇವುಗಳ ನಡುವೆ ಅದೂ ಒಂದು ನಂಜು, ಅಷ್ಟೇ.

ಮಾಮಾ ರಿಟೈರಾದರು. ಸ್ವಲ್ಪ ದಿನಕ್ಕೆ ಒಲೆಯ ಮೇಲೆ ಹಾಲಿಟ್ಟು ಮರೆತರು. ಹಾಕಿಕೊಂಡ ಕೋಟನ್ನೇ ಮನೆಯೆಲ್ಲ ಹುಡುಕಿದರು. ಅತ್ತಿ ಗಾಬರಿಯಾಗಿ ಚೀಟಿ ಬರೆದು ಬಸ್ಸಿನವನ ಕೈಯಲ್ಲಿ ಕಳಿಸಿದಳು. ನಾನು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಜಮಖಂಡಿಗೆ ಬಂದು, ಅತ್ತಿಯ ಜೊತೆ ಅವರನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಹೊಸ ಹುಡುಗ, ನಯವಾಗಿ ಮಾತಾಡಿಸಿದ.

“ಅಜ್ಜಾರ, ಇವತ್ತು ಯಾವ ವಾರ್ರೀ?”

“ನೆನಪಿಲ್ರೀ.”

“ಮುಂಜಾನೆ ಏನ್ ತಿಂದ್ರಿ?”

“ನೆನಪಿಲ್ರೀ.”

“ಇವರು ಯಾರು? ನಿಮ್ಮ ಜೊತಿ ಬಂದಾರಲ್ಲ?”

“ಇವೆಲ್ಲ ನಿಮಗ್ಯಾಕ ಬೇಕ್ರಿ? ಬೇಕಂದ್ರ ಅರ್ಜಿ ಕೊಡ್ರಿ.”

ಡಾಕ್ಟರು ಅತ್ತಿಯ ಕಡೆ ತಿರುಗಿ, “ಎಷ್ಟು ದಿನದಿಂದ ಹಿಂಗ ಅಂತಾರ್ರೀ?” ಎಂದ.

“ನಾ ಈ ಮನಿಗಿ ನಡಿಯಾಕ ಬಂದ ದಿನದಿಂದ ಹಿಂಗ ಅಂತಾರ್ರೀ,” ಎಂದಳು ಅತ್ತಿ.

“ಹಂಗಾದ್ರ ಹೊಸಾದೇನೂ ಇಲ್ಲ ಬಿಡ್ರಿ!” ಎಂದು ಡಾಕ್ಟರು ಶಕ್ತಿಯ ಗುಳಿಗೆ ಬರೆದುಕೊಟ್ಟ. ಆ ಪಾಪದ ಹುಡುಗನಾದರೂ ಏನು ಮಾಡಬೇಕು? ಮರೆವನ್ನೇ ನೌಕರಿಯಾಗಿ ಮಾಡಿದವರಿಗೆ ಮರೆವಿನ ರೋಗ ಬಂದಿದೆ ಎಂದು ಯಾವ ಪರೀಕ್ಷೆಯಿಂದ ಹೇಳಬೇಕು? ವಾಪಸು ಬರುವಾಗ ದಾರಿಯುದ್ದಕ್ಕೂ ನಾನೂ ಅತ್ತಿಯೂ ನಕ್ಕೆವು. ನಕ್ಕು ನಕ್ಕು ಸುಸ್ತಾದೆವು. ಮನೆಗೆ ಬಂದು ಚಹಾ ಮಾಡಲೂ ಇಬ್ಬರಿಗೂ ಏಳಲಾಗಲಿಲ್ಲ.

ರೋಗ ತಿಳಿದದ್ದು ಬೇರೆ ರೀತಿಯಲ್ಲಿ. ಒಂದು ಸಂಜೆ ಅತ್ತಿ ಹೊರಗಿನಿಂದ ಬಂದು ರೂಢಿಯಂತೆ, “ಯಾರರೆ ಬಂದಿದ್ರೇನ್ರಿ?” ಎಂದಳಂತೆ. ಮಾಮಾ, “ನಿಮ್ಮಣ್ಣ ಬಂದಿದ್ದ. ಸೀರಿ ತಂದಿದ್ದ, ಹಸರ ಸೀರಿ, ಕೆಂಪು ದಡಿ. ತಂಗಿಗಿ ಹಸರು ಒಪ್ಪತೈತಿ ಅಂದ. ನೀ ಬರಲಿಲ್ಲ, ಕುಂತು ಕುಂತು ಹ್ವಾದ. ಕಣ್ಣಾಗ ನೀರಿತ್ತವಾ,” ಎಂದರು.

ಅತ್ತಿಯ ಅಣ್ಣ ತೀರಿಕೊಂಡು ವರ್ಷಗಳಾಗಿದ್ದವು.

ಅಂದಿನಿಂದ ಮಾಮಾ ಹೇಳತೊಡಗಿದರು. ಕೇಳಿದರೂ ಹೇಳಿದರು, ಕೇಳದಿದ್ದರೂ ಹೇಳಿದರು. ಕಟ್ಟೆಯ ಮೇಲೆ ಕೂತು, ಹೋಗುವವರನ್ನು ಕರೆದು, ಯಾವ ಓಣಿಯ ಯಾವ ಮುತ್ಯಾ ತಮ್ಮನ ಪಾಲಿಗೆ ಬಾಂದು ಸರಿಸಿದ, ಯಾರು ಯಾರ ಕಾಗದ ನೋಡಿ ಅತ್ತರು, ಎಲ್ಲ ಬಿಚ್ಚಿ ಇಟ್ಟರು. ಓಣಿಯ ಜನಕ್ಕೆ ಹಬ್ಬ! ಸಂಜೆಗೆ ಚುರುಮುರಿ ಹಿಡಿದು ಬಂದು ಕೂಡುವವರೂ ಹುಟ್ಟಿಕೊಂಡರು. ಅತ್ತಿ ಅವರನ್ನು ಬಯ್ದು ಎಬ್ಬಿಸಿ, ಮಾಮಾನ ರಟ್ಟೆ ಹಿಡಿದು ಒಳಗೆ ಕರೆದು, ಹಾಡುಹಗಲೇ ತಲಬಾಗಿಲು ಹಾಕತೊಡಗಿದಳು. ಮತ್ತೆ ಚೀಟಿ ಬಂತು. ಒಂದೇ ಸಾಲು: ‘ನಿಮ್ಮ ಮಾಮಾ ಎಲ್ಲಾ ಹೇಳಾಕತ್ತಾರ, ಲಗೂನ ಬಾ.’

ಬಸ್ಸಿನಲ್ಲಿ ಕೂತು ನನಗೆ ಹೊಳೆದದ್ದು ನಾಚಿಕೆಯ ಮಾತು, ಆದರೂ ಹೇಳುತ್ತೇನೆ. ಈಗ ಕೇಳಿದರೆ ನನ್ನ ಅರ್ಜಿಗೂ ಉತ್ತರ ಸಿಗುತ್ತದೆ! ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬನ್ನು ಹುಡುಗರು ಆರಿಸಿಕೊಳ್ಳುವುದನ್ನು ಕಿಟಕಿಯಿಂದ ನೋಡುತ್ತ ಅದನ್ನೇ ಯೋಚಿಸಿದೆ. ಜಮಖಂಡಿ ಬರುವಷ್ಟರಲ್ಲಿ ಬೇಡ ಎನಿಸಿತು. ಕಾವಲುಗಾರ ನಿದ್ದೆ ಹೋದಾಗ ದಪ್ತರಖಾನೆಗೆ ನುಗ್ಗುವವರು ಬೇರೆ ಜನ. ಇ‌ಷ್ಟು ವರ್ಷ ಅವರು ಎಚ್ಚರವಿದ್ದಾಗ ಕೊಡಲಿಲ್ಲ. ಈಗ ಕಸಿದುಕೊಳ್ಳುವುದೇ? ಕೇಳುವುದಿಲ್ಲ ಎಂದು ತೀರ್ಮಾನಿಸಿ ಬಸ್ಸು ಇಳಿದೆ.

ಮರುದಿನ ಮುಂಜಾನೆ ತಲೆ ಎರಕೊಂಡು, ಅಂಗಳದ ಬಿಸಿಲಿಗೆ ಕೂದಲು ಬಿಚ್ಚಿ ಕೂತಿದ್ದೆ. ಪಕ್ಕದಲ್ಲಿ ಎಣ್ಣೆಯ ಬಟ್ಟಲು, ಹಣಿಗೆ. ಒಳಗೆ ಅತ್ತಿ ರೊಟ್ಟಿ ಬಡಿಯುವ ಸದ್ದು. ಮಾಮಾ ಗೋಡೆ ಹಿಡಿದು ಹೊರಗೆ ಬಂದರು. ನನ್ನನ್ನು ಬಹಳ ಹೊತ್ತು ನೋಡಿದರು.

“ಏ ಪೋರಿ, ಇನ್ನೂ ಹಂಗ ಕುಂತೀಯಲ್ಲ? ಸಾಲಿಗಿ ಹೊತ್ತಾತು. ತಾ ಇಲ್ಲೆ ಹಣಿಗಿ.”

ಹಣಿಗೆ ಕೊಟ್ಟೆ. ನನ್ನ ಹಿಂದೆ ಕಟ್ಟೆಯ ಮೇಲೆ ಕೂತು, ಅರ್ಧ ನರೆತ ನನ್ನ ಕೂದಲನ್ನು ಮೂರು ಪಾಲು ಮಾಡಿದರು. ಅದೇ ಬೆರಳು. ಮುಟ್ಟಿಯೂ ಮುಟ್ಟದಂತೆ. ನಡುವೆ ಒಂದು ಸಿಕ್ಕು ಬಂತು, ನಿಂತು, ಊದಿ ಊದಿ ಬಿಡಿಸಿದರು. ನನ್ನ ಬಾಯಿಂದ ಹಳೆಯ ಮಾತು ತಾನಾಗಿ ಬಂತು:

“ಬಿಗಿ ಹಾಕೋ ಮಾಮಾ. ಬಿಚ್ಚತೈತಿ.”

“ಬಿಚ್ಚಿದ್ರ ಬಿಚ್ಚಲಿ. ಬಿಗಿ ಹಾಕಂಗಿಲ್ಲ.”

ನಾನು ಯಾಕೆಂದು ಕೇಳಲಿಲ್ಲ. ನಿಜವಾಗಿ ಕೇಳಲಿಲ್ಲ. ಅವರೇ, ಹೆರಳಿನ ಮೇಲೆ ಕಣ್ಣಿಟ್ಟುಕೊಂಡು, ಸಣ್ಣ ದನಿಯಲ್ಲಿ ಹೇಳಿದರು:

“ಅಕ್ಕ ಹೇಳಿ ಹೋಗ್ಯಾಳ. ‘ತಮ್ಮಾ, ನಿಂದು ದಪ್ತರದ ಕೈ. ಪೋರಿ ಹೆರಳು ಹಾಕೂ ಮುಂದ ಜಗ್ಗಬ್ಯಾಡೋ. ಆಕಿ ತಲಿ ನಾಜೂಕ ಐತಿ, ಅಳತಾಳ,’ ಅಂದ್ಲು. ಇನ್ನೂ ಏನೋ ಅನ್ನಾಕ ಹ್ವಾದ್ಲು. ಆಗಲಿಲ್ಲ.”

ರಿಬ್ಬನ್ನು ಇರಲಿಲ್ಲ. ಹೆರಳಿನ ತುದಿಗೆ ಜನಿವಾರದಂಥ ತೆಳ್ಳನೆಯ ತಮ್ಮ ಉಡಿದಾರದ ಎಳೆಯನ್ನೇ ಸುತ್ತಿ, ಗಂಟು ಹಾಕದೆ ಹಾಗೇ ಸಿಕ್ಕಿಸಿದರು. ಆಮೇಲೆ ಬಾಗಿ ನನ್ನ ಕಿವಿಯಲ್ಲಿ, “ನೀ ಯಾರ ಮುಂದೂ ಹೇಳಬ್ಯಾಡ ಮತ್ತ,” ಎಂದರು.

“ಇಲ್ಲೋ ಮಾಮಾ,” ಎಂದೆ.

ನೋಡಿ, ನಿಮಗೆ ಹೇಳಿಬಿಟ್ಟೆ. ಆ ಮುದುಕ ದಪ್ತರದಾರರ ಪರೀಕ್ಷೆಯಲ್ಲಿ ನಾನು ಮಿರ್ಚಿ ತಿನ್ನುವ ಮೊದಲೇ ನಪಾಸು.

ಮಧ್ಯಾಹ್ನ ಅತ್ತಿ ಕಾಯಿಪಲ್ಲೆ ತರಲು ಬಜಾರಕ್ಕೆ ಕಳಿಸಿದಳು. ಚೀಲ ಹಿಡಿದು ಹೊರಟೆ. ಹಣಮಪ್ಪನ ಗುಡಿಯ ಮುಂದಿನ ಬೇವಿನ ಮರದ ಹತ್ತಿರ ಬರುವಷ್ಟರಲ್ಲಿ ಬೆನ್ನ ಮೇಲೆ ಏನೋ ಜಾರಿದಂತಾಯಿತು. ನೀರು ತರುತ್ತಿದ್ದ ಒಬ್ಬ ಹುಡುಗಿ ಕೊಡ ಹಿಡಿದು ನಿಂತು, “ಅಕ್ಕಾರ, ನಿಮ್ಮ ಹೆರಳು ಬಿಚ್ಚೇತ್ರಿ!” ಎಂದು ಕೂಗಿದಳು.

“ಹೌದವ್ವಾ,” ಎಂದೆ. “ಬಿಚ್ಚಲಿ ಬಿಡು.”

ಹಾಗೇ ನಡೆದೆ.